ನೆರವು ಸಂಸ್ಥೆಯಲ್ಲಿ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಯುದ್ಧ, ಪ್ರವಾಹ, ಭೂಕಂಪ, ಬರ ಬಂದಲ್ಲಿ ಕೆಲಸ ಮಾಡುವ ಲಾಭರಹಿತ ಸಂಸ್ಥೆಗಳಲ್ಲಿ ನನ್ನ ಅರ್ಧ ಆಯುಷ್ಯ ಕಳೆದಿದೆ. ನೆಂಟರು, ಪ್ರಯಾಣದಲ್ಲಿ ಪಕ್ಕ ಕೂತವರು, ಕೆಲಸ ಹುಡುಕುತ್ತಿರುವ ಹುಡುಗ ಹುಡುಗಿಯರು ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಪ್ರತಿ ಸಲ ಅರ್ಧಂಬರ್ಧ ಉತ್ತರ ಕೊಟ್ಟು ಮಾತು ಬದಲಿಸಿದ್ದೇನೆ. ಇಲ್ಲಿ ಹಾಗೆ ಮಾಡಿಲ್ಲ.

ಇದು ಸೇವೆಯಾ, ನೌಕರಿಯಾ?

ನೌಕರಿ. ತಿಂಗಳ ಕೊನೆಗೆ ಸಂಬಳ ಬರುತ್ತದೆ, ರಜೆಗೆ ಅರ್ಜಿ ಹಾಕಬೇಕು, ಮೇಲಿನವರು ಬೈಯುತ್ತಾರೆ. ‘ಎಂಥ ಪುಣ್ಯದ ಕೆಲಸ!’ ಅಂತ ಯಾರಾದರೂ ಕೈ ಮುಗಿದರೆ ಮುಜುಗರ ಆಗುತ್ತದೆ. ಅವತ್ತು ಬೆಳಗ್ಗೆಯಿಂದ ನಾನು ಮಾಡಿದ್ದು ಕಳೆದುಹೋದ ಡೀಸೆಲ್ ರಸೀದಿ ಹುಡುಕಿದ್ದಷ್ಟೇ ಆಗಿರುತ್ತದೆ.

ಸೇವೆ ಅನ್ನುವ ಮಾತಿನಲ್ಲಿ ಇನ್ನೊಂದು ತೊಡಕಿದೆ. ಸೇವೆ ಅಂದ ಕೂಡಲೇ ಸಂಬಳ ಹೆಚ್ಚಿಸಿ ಅನ್ನಲು ನಾಚಿಕೆ, ವಾರದ ರಜೆ ಕೇಳಲು ನಾಚಿಕೆ, ತಪ್ಪು ಮಾಡಿದವರನ್ನು ಪ್ರಶ್ನಿಸಲೂ ನಾಚಿಕೆ. ಈ ನಾಚಿಕೆಯ ಬಂಡವಾಳದ ಮೇಲೆ ಕೆಲವು ಸಂಸ್ಥೆಗಳು ಎಷ್ಟು ವರ್ಷ ಬೇಕಾದರೂ ನಡೆಯುತ್ತವೆ.

ದಿನವಿಡೀ ಏನು ಮಾಡುತ್ತೀರಿ?

ಎಣಿಸುತ್ತೇವೆ. ಟಿವಿಯಲ್ಲಿ ಕಾಣುವುದು ಹೆಲಿಕಾಪ್ಟರ್‌ನಿಂದ ಮೂಟೆ ಇಳಿಯುವ ದೃಶ್ಯ. ಅದರ ಹಿಂದಿರುವುದು ಒಂದು ಎಕ್ಸೆಲ್ ಶೀಟ್.

ಒಂದು ಶಿಬಿರಕ್ಕೆ ಹತ್ತು ಸಾವಿರ ಜನ ಬಂದಿದ್ದಾರೆ ಅನ್ನಿ. ನಮ್ಮ ಕ್ಷೇತ್ರದಲ್ಲಿ ಎಲ್ಲರೂ ಹಿಡಿದುಕೊಳ್ಳುವ ಅಳತೆಗೋಲು 1997ರಲ್ಲಿ ಶುರುವಾದ ‘ಸ್ಫಿಯರ್’ ಮಾನದಂಡಗಳು. ಅದರ ಪ್ರಕಾರ ತಲೆಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು. ಅಲ್ಲಿಗೆ ಒಂದೂವರೆ ಲಕ್ಷ ಲೀಟರ್ ಆಯಿತು. ಹತ್ತು ಸಾವಿರ ಲೀಟರಿನ ಟ್ಯಾಂಕರ್ ದಿನಕ್ಕೆ 15 ಸಲ ಬರಬೇಕು. ಒಂದು ನಲ್ಲಿಗೆ 250 ಜನರಂತೆ 40 ನಲ್ಲಿ. 20 ಜನಕ್ಕೊಂದು ಶೌಚಾಲಯದಂತೆ 500 ಗುಂಡಿ. ಕಾಗದದ ಮೇಲೆ ಇದು ಐದು ನಿಮಿಷದ ಲೆಕ್ಕ. ಆಮೇಲೆ ನೆಲ ಅಗೆಯಲು ಹೋದರೆ ಒಂದಡಿ ಕೆಳಗೆ ಬಂಡೆ. ಟ್ಯಾಂಕರ್ ಬರುವ ದಾರಿಯ ಸೇತುವೆ ಅಷ್ಟು ಭಾರ ತಡೆಯುವುದಿಲ್ಲ. ಶೌಚಾಲಯ ಕಟ್ಟಿ ಮುಗಿಸಿದ ಮೇಲೆ ಹೆಂಗಸರು ರಾತ್ರಿ ಅತ್ತ ಸುಳಿಯುವುದೇ ಇಲ್ಲ, ಯಾಕೆ ಅಂತ ಕೇಳಿದರೆ ಒಳಗಿನಿಂದ ಚಿಲಕ ಇಲ್ಲ, ದಾರಿಯಲ್ಲಿ ದೀಪ ಇಲ್ಲ. ಐನೂರು ಚಿಲಕ ತರಿಸುವುದೇ ಮುಂದಿನ ವಾರದ ಕೆಲಸ.

ಉಳಿದ ಹೊತ್ತು ವರದಿ, ಮೀಟಿಂಗ್, ಮತ್ತೆ ವರದಿ.

ಇದರಲ್ಲಿ ನಿಜವಾದ ಖುಷಿ ಯಾವುದು?

ತೋಳಿನ ಪಟ್ಟಿ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳ ಎಡತೋಳಿನ ನಡುಭಾಗಕ್ಕೆ ಸುತ್ತುವ ಬಣ್ಣದ ಪ್ಲಾಸ್ಟಿಕ್ ಪಟ್ಟಿ ಇದು. ಸುತ್ತಳತೆ 115 ಮಿಲಿಮೀಟರಿಗಿಂತ ಕಡಿಮೆ ಬಂದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ. 125ರವರೆಗೆ ಹಳದಿ, ಅದರಾಚೆ ಹಸಿರು. ಕೆಂಪು ಬಂದ ಮಗುವಿನ ತೋಳಿನಲ್ಲಿ ಮೂಳೆ, ಚರ್ಮ ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ಅದು ಅಳುವುದೂ ಇಲ್ಲ. ಅಳಲು ಶಕ್ತಿ ಬೇಕು.

ಮೊದಲೆಲ್ಲ ಇಂಥ ಮಕ್ಕಳನ್ನು ವಾರಗಟ್ಟಲೆ ಆಸ್ಪತ್ರೆಯಲ್ಲಿಟ್ಟು ವಿಶೇಷ ಹಾಲು ಕುಡಿಸಬೇಕಿತ್ತು. ಪುಡಿಯನ್ನು ನೀರಲ್ಲಿ ಕಲಸಬೇಕು, ಆ ನೀರೇ ಕೊಳಕಾದರೆ ಮಗು ಭೇದಿಗೆ ಹೋಗುತ್ತದೆ. 1990ರ ದಶಕದ ಕೊನೆಯಲ್ಲಿ ಕಡಲೆಬೀಜದ ಪೇಸ್ಟಿಗೆ ಹಾಲಿನಪುಡಿ, ಸಕ್ಕರೆ, ಎಣ್ಣೆ, ವಿಟಮಿನ್, ಖನಿಜ ಸೇರಿಸಿದ ಪೊಟ್ಟಣ ಬಂತು. 92 ಗ್ರಾಂ, 500 ಕಿಲೋಕ್ಯಾಲರಿ. ಅದರಲ್ಲಿ ನೀರಿನ ಪಸೆಯೇ ಇಲ್ಲದ್ದರಿಂದ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಬೇಯಿಸುವುದು ಬೇಡ, ಫ್ರಿಜ್ ಬೇಡ. ಮೂಲೆ ಕತ್ತರಿಸಿ ಮಗುವಿನ ಕೈಗೆ ಕೊಟ್ಟರೆ ಅದೇ ಚೀಪಿಕೊಳ್ಳುತ್ತದೆ. ಬೇರೆ ಕಾಯಿಲೆ ಇಲ್ಲದ, ಹಸಿವೆ ಇರುವ ಮಗುವನ್ನು ಮನೆಯಲ್ಲೇ ಇಟ್ಟು ಗುಣ ಮಾಡಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಮೊದಲಾದವು 2007ರಲ್ಲಿ ಜಂಟಿಯಾಗಿ ಹೇಳಿದವು.

ಹೀಗೆ ಪೊಟ್ಟಣ ಒಯ್ದ ತಾಯಿ ವಾರ ವಾರ ಬರುತ್ತಾಳೆ. ಐದನೆಯದೋ ಆರನೆಯದೋ ವಾರ ಪಟ್ಟಿ ಸುತ್ತಲು ಹೋದರೆ ಮಗು ನನ್ನ ಕೈ ಒದ್ದು ಕಿರುಚುತ್ತದೆ. ಆ ಒದೆತಕ್ಕೆ ಸಮನಾದ ಸಂತೋಷ ನನಗೆ ಬೇರೆ ಯಾವ ಕೆಲಸದಲ್ಲೂ ಸಿಕ್ಕಿಲ್ಲ.

ಇನ್ನೊಂದು ಖುಷಿ ಸ್ವಲ್ಪ ವಿಚಿತ್ರ: ಏನೂ ಆಗದೆ ಇರುವುದು. ನಲ್ಲಿ ನೀರನ್ನು ಪುಟ್ಟ ಕೊಳವೆಗೆ ಹಿಡಿದು ಮಾತ್ರೆ ಹಾಕಿದರೆ ಅದು ತಿಳಿಗುಲಾಬಿಗೆ ತಿರುಗುತ್ತದೆ. ಆ ಬಣ್ಣ ಬಂದರೆ ಕ್ಲೋರಿನ್ ಇನ್ನೂ ಉಳಿದಿದೆ ಅಂತ ಅರ್ಥ. ದಿನಾ ಆ ಬಣ್ಣ ನೋಡುತ್ತಾ ಮೂರು ತಿಂಗಳು ಕಳೆಯುತ್ತದೆ, ಕಾಲರಾ ಬರುವುದಿಲ್ಲ. ಬಾರದ ಕಾಲರಾದ ಫೋಟೊ ಯಾರಿಗೂ ಬೇಡ. ದಾನಿಗಳ ಪತ್ರಿಕೆಗೆ ಅಂತ ಆಫೀಸಿನವರು ಫೋಟೊ ಕೇಳಿದಾಗ ಆ ಗುಲಾಬಿ ಕೊಳವೆಯನ್ನೇ ಕಳಿಸಿದ್ದೆ. ಅಚ್ಚಾಗಲಿಲ್ಲ.

ಅತಿ ಕಷ್ಟದ್ದು ಯಾವುದು? ನೋವು, ಸಾವು ನೋಡುವುದಾ?

ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ನನಗೆ ಅದಕ್ಕಿಂತ ಕಷ್ಟ ‘ಇಲ್ಲ’ ಅನ್ನುವುದು.

ಗೋದಾಮಿನಲ್ಲಿ 400 ಟಾರ್ಪಾಲು, ಹೊರಗೆ 900 ಕುಟುಂಬ. ಸಮನಾಗಿ ಹಂಚೋಣ ಅಂದರೆ ಟಾರ್ಪಾಲನ್ನು ಅರ್ಧ ಹರಿದು ಕೊಟ್ಟರೆ ಯಾರ ತಲೆಯೂ ಮುಚ್ಚುವುದಿಲ್ಲ. ಹಾಗಾಗಿ ಪಟ್ಟಿ ಮಾಡುತ್ತೇವೆ: ಬಸುರಿ ಬಾಣಂತಿಯರು, ಒಂಟಿ ಮುದುಕರು, ಅಂಗವಿಕಲರಿರುವ ಮನೆ, ಮನೆ ಪೂರ್ತಿ ಬಿದ್ದವರು. ಫಾರ್ಮಿನಲ್ಲಿ ಒಂದೊಂದಕ್ಕೂ ಇಷ್ಟು ಅಂತ ಅಂಕ. ಹೀಗೆ ಒಂದು ಕಡೆ ಹಂಚುತ್ತಿದ್ದಾಗ ವಯಸ್ಸಾದ ಒಬ್ಬರು ಸರದಿಯಲ್ಲಿ ಬಂದರು. ಅವರ ಮನೆಯ ಒಂದು ಗೋಡೆ ನಿಂತಿತ್ತು. ಏಳನೇ ಪ್ರಶ್ನೆ ‘ಗೋಡೆ ನಿಂತಿದೆಯೇ?’ ಅಂತ. ಹೌದು ಅಂತ ಗುರುತು ಹಾಕಿದರೆ ‘ಭಾಗಶಃ ಹಾನಿ’, ಅಂಕ ಕಮ್ಮಿ, ಟಾರ್ಪಾಲು ಇಲ್ಲ. ನಿಯಮ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, ಸಿಟ್ಟೂ ಮಾಡಿಕೊಳ್ಳದೆ, ‘ಹಾಗಾದರೆ ಹೋಗಿ ಅದನ್ನೂ ಬೀಳಿಸಿ ಬರಲಾ?’ ಅಂದರು. ವ್ಯಂಗ್ಯವಿರಲಿಲ್ಲ. ಬೀಳಿಸಿದರೆ ಸಿಗುತ್ತದಾ ಅಂತ ನಿಜಕ್ಕೂ ಕೇಳುತ್ತಿದ್ದರು.

ನಾನು ‘ಮುಂದಿನವರು ಬನ್ನಿ’ ಅಂದೆ. ಹಿಂದೆ ಉದ್ದ ಸಾಲಿತ್ತು.

ಆ ಪಟ್ಟಿ ಅನ್ಯಾಯದ್ದಾಗಿರಲಿಲ್ಲ ಅಂತ ಈಗಲೂ ವಾದಿಸಬಲ್ಲೆ. ಪಟ್ಟಿ ಇಲ್ಲದಿದ್ದರೆ ತೋಳ್ಬಲ ಇದ್ದವರಿಗೆ ಮೊದಲು ಸಿಗುತ್ತಿತ್ತು. ಆದರೂ ರಾತ್ರಿ ನಿದ್ದೆ ಬಾರದಾಗ ನೆನಪಾಗುವುದು ಕೊಟ್ಟ 400 ಅಲ್ಲ.

ದುಡ್ಡಿದ್ದರೂ ನೆರವು ತಲುಪಲು ಯಾಕೆ ಅಷ್ಟು ತಡ?

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ನಮ್ಮ ಆಫೀಸಿನ ಗೋಡೆಗೆ ಬರೆಸಿಡಬೇಕಾದ ಗಾದೆ.

ದೊಡ್ಡ ದಾನಿಗಳು ಕೊಡುವ ದುಡ್ಡಿಗೆ ಮೊದಲೇ ಹಣೆಪಟ್ಟಿ ಅಂಟಿರುತ್ತದೆ: ಇದು ಈ ಜಿಲ್ಲೆಗೆ, ಈ ಕೆಲಸಕ್ಕೆ, ಈ ತಾರೀಖಿನೊಳಗೆ. ಜನ ಪಕ್ಕದ ಜಿಲ್ಲೆಗೆ ಗುಳೆ ಹೋದರೆ ಹಣ ಅವರ ಹಿಂದೆ ಹೋಗುವುದಿಲ್ಲ. ತಿದ್ದುಪಡಿಗೆ ಪತ್ರ ಬರೆಯಬೇಕು, ಉತ್ತರ ಬರುವಷ್ಟರಲ್ಲಿ ಜನ ಇನ್ನೆಲ್ಲಿಗೋ ಹೋಗಿರುತ್ತಾರೆ. ಖರೀದಿಗೆ ಮೂರು ಕೊಟೇಶನ್ ಬೇಕು. ಇಡೀ ಪಟ್ಟಣದಲ್ಲಿ ಪಂಪ್ ಮಾರುವ ಅಂಗಡಿ ಒಂದೇ ಇದ್ದರೂ ಬೇಕು. ಆಗ ‘ಉಳಿದೆರಡು ಯಾಕೆ ಸಿಗಲಿಲ್ಲ’ ಅಂತ ವಿವರಣೆ ಬರೆದು ಸಹಿ ಮಾಡಿಸಬೇಕು. ನಾನು ಇಂಥ ವಿವರಣೆಗಳನ್ನು ಬರೆಯುವುದರಲ್ಲಿ ಪಳಗಿದ್ದೇನೆ, ಅದಕ್ಕೊಂದು ಪ್ರಶಸ್ತಿ ಇದ್ದರೆ ಅರ್ಜಿ ಹಾಕುತ್ತೇನೆ.

ವರ್ಷದ ಕೊನೆಯಲ್ಲಿ ಇದೇ ನಾಟಕ ತಿರುಗುಮುರುಗು. ಬಜೆಟ್‌ನಲ್ಲಿ ಹಣ ಉಳಿದಿದೆ, ಖರ್ಚಾಗದಿದ್ದರೆ ವಾಪಸ್ ಕೊಡಬೇಕು, ವಾಪಸ್ ಕೊಟ್ಟರೆ ಮುಂದಿನ ಸಲ ಕಡಿಮೆ ಸಿಗುತ್ತದೆ. ಆಗ ಬೇಗ ಬೇಗ ತರಬೇತಿ ಶಿಬಿರಗಳು ನಡೆಯುತ್ತವೆ, ಬ್ಯಾನರ್ ಅಚ್ಚಾಗುತ್ತವೆ.

ಇಷ್ಟೆಲ್ಲ ಬೈದರೂ ಒಂದು ಮಾತು. ಮೂರು ಕೊಟೇಶನ್ನಿನ ನಿಯಮ ಸುಮ್ಮನೆ ಹುಟ್ಟಿದ್ದಲ್ಲ. ಅದಿಲ್ಲದ ಕಡೆ ಗುತ್ತಿಗೆ ಯಾರ ಬಾಮೈದನಿಗೆ ಹೋಗುತ್ತದೆ ಅಂತಲೂ ನೋಡಿದ್ದೇನೆ.

ನಾನು ಕೊಟ್ಟ ದುಡ್ಡಲ್ಲಿ ಎಷ್ಟು ಸಂಬಳಕ್ಕೆ, ಆಫೀಸಿಗೆ ಹೋಗುತ್ತದೆ?

ಕೇಳಲೇಬೇಕಾದ ಪ್ರಶ್ನೆ. ಆದರೆ ‘ಪೂರಾ ಹಣ ನೇರ ಸಂತ್ರಸ್ತರಿಗೆ’ ಅನ್ನುವ ಜಾಹೀರಾತು ಕಂಡರೆ ಹುಷಾರಾಗಿರಿ. ಗೋದಾಮಿನ ಬಾಡಿಗೆ, ಚಾಲಕನ ಸಂಬಳ, ಲೆಕ್ಕಪರಿಶೋಧಕರ ಶುಲ್ಕವನ್ನು ಯಾರೋ ಒಬ್ಬರು ಕಟ್ಟಲೇಬೇಕು. ಲಸಿಕೆ ಪುಕ್ಕಟೆ ಸಿಕ್ಕರೂ ಅದನ್ನು ತಣ್ಣಗಿಟ್ಟು ಒಯ್ಯುವ ಪೆಟ್ಟಿಗೆ, ಐಸ್, ಗಾಡಿ, ಸೂಜಿ ಹಾಕುವ ನರ್ಸ್ ಪುಕ್ಕಟೆ ಬರುವುದಿಲ್ಲ. ಆಡಳಿತ ವೆಚ್ಚವನ್ನು ಅತಿಯಾಗಿ ಹಿಂಡಿದರೆ ಮೊದಲು ಹೋಗುವುದು ಲೆಕ್ಕ ಬರೆಯುವವನ ಕೆಲಸ; ಆಮೇಲೆ ಹಣ ಎಲ್ಲಿ ಹೋಯಿತು ಅಂತ ಹೇಳುವವರೇ ಇರುವುದಿಲ್ಲ. ಶೇಕಡಾವಾರು ಕೇಳುವ ಬದಲು ಕಳೆದ ವರ್ಷ ಯಾವ ಕೆಲಸ ಕೈಕೊಟ್ಟಿತು ಅಂತ ಕೇಳಿ ನೋಡಿ. ಉತ್ತರ ಇದ್ದರೆ ಒಳ್ಳೆಯ ಸಂಸ್ಥೆ.

ಹಳೆ ಬಟ್ಟೆ ಕಳಿಸಬಹುದಾ?

ಬೇಡ. ಕೇಳದೆ ಬಂದ ಬಟ್ಟೆಯನ್ನು ವಿಂಗಡಿಸಲು ಜನ ಬೇಕು, ಇಡಲು ಜಾಗ ಬೇಕು. 2004ರ ಸುನಾಮಿಯ ನಂತರ ಕರಾವಳಿಯ ರಸ್ತೆ ಬದಿಗಳಲ್ಲಿ ಹಳೆ ಬಟ್ಟೆಯ ರಾಶಿಗಳು ಬಿದ್ದಿದ್ದವು. ಹಣ ಕೊಡಿ, ಜನ ತಮಗೆ ಬೇಕಾದ್ದು ಕೊಳ್ಳುತ್ತಾರೆ. ಸಂತೆ, ಅಂಗಡಿ ತೆರೆದಿರುವ ಕಡೆ ನಾವೂ ಈಗ ಸಾಮಾನಿನ ಬದಲು ನಗದು ಕೊಡುವುದೇ ಹೆಚ್ಚು.

ಅನ್ಯಾಯ ಕಣ್ಣೆದುರೇ ಕಂಡರೂ ಯಾರ ಪಕ್ಷವನ್ನೂ ವಹಿಸದೆ ಇರುವುದು ಹೇಗೆ?

ಇದಕ್ಕೆ ಎಲ್ಲರೂ ಒಪ್ಪುವ ಉತ್ತರ ಇಲ್ಲ, ನಮ್ಮೊಳಗೇ ಜಗಳ ಇದೆ.

1859ರಲ್ಲಿ ಇಟಲಿಯ ಸೊಲ್ಫೆರಿನೊ ಯುದ್ಧದ ನಂತರ ಹೆನ್ರಿ ಡ್ಯುನಾಂಟ್ ಎಂಬ ಸ್ವಿಸ್ ವ್ಯಾಪಾರಿ ಗಾಯಾಳುಗಳು ಆರೈಕೆ ಇಲ್ಲದೆ ಬಿದ್ದಿದ್ದನ್ನು ಕಂಡ. ಯಾವ ಕಡೆಯವರು ಅಂತ ನೋಡದೆ ಊರವರನ್ನು ಸೇರಿಸಿ ಉಪಚಾರಕ್ಕೆ ಇಳಿದ. ಅದರಿಂದಲೇ 1863ರಲ್ಲಿ ರೆಡ್ ಕ್ರಾಸ್ ಸಮಿತಿ, 1864ರಲ್ಲಿ ಯುದ್ಧದ ಗಾಯಾಳುಗಳನ್ನು ಕಾಪಾಡುವ ಮೊದಲ ಜಿನೀವಾ ಒಪ್ಪಂದ ಹುಟ್ಟಿದ್ದು. ಕೈದಿಗಳನ್ನು ನೋಡಲು ಹೋಗುವ ರೆಡ್ ಕ್ರಾಸಿನವರು ಜೈಲಿನೊಳಗೆ ಕಂಡದ್ದನ್ನು ಸಾಮಾನ್ಯವಾಗಿ ಆ ಸರ್ಕಾರಕ್ಕೆ ಮಾತ್ರ ಹೇಳುತ್ತಾರೆ, ಪತ್ರಿಕೆಗಳಿಗೆ ಹೇಳುವುದಿಲ್ಲ. ಹೇಳಿದರೆ ಮುಂದಿನ ಸಲ ಬಾಗಿಲು ತೆರೆಯುವುದಿಲ್ಲ.

ಈ ಮೌನ ಸಹಿಸಲಾರದವರೂ ಇದ್ದರು. ನೈಜೀರಿಯಾದ ಬಿಯಾಫ್ರಾ ಯುದ್ಧದಲ್ಲಿ ದುಡಿದು ಬಂದ ಫ್ರೆಂಚ್ ವೈದ್ಯರು ಕೆಲವು ಪತ್ರಕರ್ತರ ಜೊತೆ ಸೇರಿ 1971ರಲ್ಲಿ ‘ಗಡಿಗಳಿಲ್ಲದ ವೈದ್ಯರು’ ಸಂಸ್ಥೆ ಕಟ್ಟಿದರು. ಚಿಕಿತ್ಸೆ ಕೊಡುತ್ತೇವೆ, ಕಂಡದ್ದನ್ನು ಹೇಳುತ್ತೇವೆ ಅನ್ನುವುದು ಅವರ ನಿಲುವು. ಅದೇ ಸಂಸ್ಥೆಗೆ 1994ರಲ್ಲಿ ಇನ್ನೂ ಕಠಿಣ ಪರೀಕ್ಷೆ ಎದುರಾಯಿತು. ರುವಾಂಡಾದ ನರಮೇಧದ ನಂತರ ಗಡಿಯಾಚೆ ಜೈರ್‌ನ (ಈಗಿನ ಕಾಂಗೊ) ಗೋಮಾ ಪಟ್ಟಣದ ಸುತ್ತ ನಿರಾಶ್ರಿತರ ಶಿಬಿರಗಳೆದ್ದವು, ಕಾಲರಾ ಜನರನ್ನು ರಾಶಿ ರಾಶಿಯಾಗಿ ಕೊಂದಿತು. ಆದರೆ ಆ ಶಿಬಿರಗಳ ಯಜಮಾನಿಕೆ ನರಮೇಧ ಮಾಡಿಸಿದವರ ಕೈಯಲ್ಲೇ ಇತ್ತು. ನೆರವಿನ ಸಾಮಗ್ರಿಯಿಂದ ಅವರು ಮತ್ತೆ ಬಲಿಯುತ್ತಿದ್ದರು. ಸಂಸ್ಥೆಯ ಫ್ರೆಂಚ್ ಶಾಖೆ ವರ್ಷ ಮುಗಿಯುವ ಮೊದಲೇ ಹೊರನಡೆಯಿತು. ಉಳಿದ ಶಾಖೆಗಳು ಆಗ ಹೋಗಲಿಲ್ಲ. ಯಾರು ಸರಿ? ಶಿಬಿರದಲ್ಲಿದ್ದ ಮಕ್ಕಳು ಯಾರನ್ನೂ ಕೊಂದಿರಲಿಲ್ಲ. ನಾನು ಅಲ್ಲಿದ್ದಿದ್ದರೆ ಉಳಿಯುತ್ತಿದ್ದೆ ಅನ್ನಿಸುತ್ತದೆ, ಹೊರಟವರನ್ನು ಬೈಯಲು ಮಾತ್ರ ಬಾಯಿ ಬರುವುದಿಲ್ಲ.

ಜೀವಕ್ಕೆ ಅಪಾಯ ಇದೆಯಾ?

ಇದೆ, ಮತ್ತು ಹೆಚ್ಚುತ್ತಿದೆ. 2003ರ ಆಗಸ್ಟ್ 19ರಂದು ಬಾಗ್ದಾದಿನ ವಿಶ್ವಸಂಸ್ಥೆ ಕಚೇರಿಯ ಮೇಲೆ ಬಾಂಬ್ ದಾಳಿ ನಡೆದು ಇರಾಕಿಗೆ ವಿಶ್ವಸಂಸ್ಥೆಯ ವಿಶೇಷ ಪ್ರತಿನಿಧಿಯಾಗಿದ್ದ ಸರ್ಜಿಯೊ ವಿಯೆರಾ ಡಿ ಮೆಲ್ಲೊ ಸೇರಿ 22 ಜನ ಸತ್ತರು. ಆ ದಿನವೇ ಈಗ ವಿಶ್ವ ಮಾನವೀಯ ದಿನ. 2015ರಲ್ಲಿ ಅಫ್ಘಾನಿಸ್ತಾನದ ಕುಂಡುಜ್‌ನಲ್ಲಿ ‘ಗಡಿಗಳಿಲ್ಲದ ವೈದ್ಯರು’ ನಡೆಸುತ್ತಿದ್ದ ಆಸ್ಪತ್ರೆಯ ಮೇಲೆ ಅಮೆರಿಕದ ವಿಮಾನ ದಾಳಿ ಮಾಡಿ 42 ಜನ ಸತ್ತರು. ಆಸ್ಪತ್ರೆ ಎಲ್ಲಿದೆ ಅನ್ನುವುದನ್ನು ಮೊದಲೇ ತಿಳಿಸಲಾಗಿತ್ತು. 2024ರಲ್ಲಿ ಕೊಲ್ಲಲ್ಪಟ್ಟ ನೆರವು ಕಾರ್ಯಕರ್ತರು 383 ಅಂತ ವಿಶ್ವಸಂಸ್ಥೆಯ ಲೆಕ್ಕ.

ಸಾಯುವವರಲ್ಲಿ ಹೆಚ್ಚಿನವರು ಹೊರಗಿನಿಂದ ಹೋದವರಲ್ಲ, ಅದೇ ನಾಡಿನವರು. ಹಾಗಾಗಿ ಮುಂದಿನ ಪ್ರಶ್ನೆ.

ಒಂದೇ ಕೆಲಸಕ್ಕೆ ಎರಡು ಸಂಬಳ ಅಂತಾರಲ್ಲ, ನಿಜವಾ?

ನಿಜ. ಹೊರದೇಶದಿಂದ ಬಂದವರಿಗೆ ಒಂದು ಶ್ರೇಣಿ, ಸ್ಥಳೀಯರಿಗೆ ಇನ್ನೊಂದು. ಭಾಷೆ ಬಲ್ಲವರು, ದಾರಿ ಬಲ್ಲವರು, ಯಾವ ಚೆಕ್‌ಪೋಸ್ಟಿನಲ್ಲಿ ಯಾರ ಜೊತೆ ಏನು ಮಾತಾಡಬೇಕು ಅಂತ ಬಲ್ಲವರು ಸ್ಥಳೀಯರು. ಆರು ತಿಂಗಳಿಗೊಬ್ಬರಂತೆ ಬರುವ ಮ್ಯಾನೇಜರುಗಳಿಗೆ ಕೆಲಸ ಕಲಿಸುವವರೂ ಅವರೇ. ಪರಿಸ್ಥಿತಿ ಕೆಟ್ಟಾಗ ವಿಮಾನದಲ್ಲಿ ಸೀಟು ಸಿಗುವುದು ಮ್ಯಾನೇಜರಿಗೆ.

2016ರಲ್ಲಿ ಇಸ್ತಾಂಬುಲ್‌ನ ಶೃಂಗಸಭೆಯಲ್ಲಿ ದೊಡ್ಡ ದಾನಿಗಳು ಮತ್ತು ಸಂಸ್ಥೆಗಳು ಸೇರಿ, 2020ರೊಳಗೆ ಕಾಲುಭಾಗ ಹಣವನ್ನು ಆದಷ್ಟು ನೇರವಾಗಿ ಸ್ಥಳೀಯ ಸಂಸ್ಥೆಗಳಿಗೆ ಕೊಡುತ್ತೇವೆ ಅಂತ ಮಾತು ಕೊಟ್ಟರು. ಗಡುವು ದಾಟಿತು, ಮಾತು ನಡೆಯಲಿಲ್ಲ. ‘ಸ್ಥಳೀಯರಿಗೆ ಅಧಿಕಾರ’ ಅನ್ನುವ ವಿಷಯದ ಮೇಲಿನ ವಿಚಾರಗೋಷ್ಠಿಗಳು ಮಾತ್ರ ಚೆನ್ನಾಗಿ ನಡೆದವು.

ಜನ ಕೃತಜ್ಞರಾಗಿರುತ್ತಾರಾ?

ಕೆಲವರು. ಹಲವರು ಸಿಟ್ಟಾಗಿರುತ್ತಾರೆ, ಆಗಬೇಕಾದ್ದೇ. ನಿನ್ನೆಯವರೆಗೆ ಸ್ವಂತ ಮನೆ, ಬೀಗದ ಕೈ ಇದ್ದವರು ಇವತ್ತು ಬಕೆಟ್ಟಿಗಾಗಿ ಟೋಕನ್ ಹಿಡಿದು ಬಿಸಿಲಲ್ಲಿ ನಿಂತಿದ್ದಾರೆ. ಅವರು ನಗುತ್ತಾ ಫೋಟೊಕ್ಕೆ ನಿಲ್ಲಲಿ ಅಂತ ಬಯಸುವುದು ದುರಾಸೆ. ಶಿಬಿರದಲ್ಲಿ ದೂರು ಪೆಟ್ಟಿಗೆ ಇಟ್ಟ ಮೊದಲ ತಿಂಗಳು ಒಂದೂ ಚೀಟಿ ಬೀಳಲಿಲ್ಲ. ಎಲ್ಲ ಸರಿಯಿದೆ ಅಂದುಕೊಂಡೆವು. ಆಮೇಲೆ ತಿಳಿಯಿತು, ಪೆಟ್ಟಿಗೆಯನ್ನು ತೂಗುಹಾಕಿದ್ದು ನಮ್ಮದೇ ಕಾವಲುಗಾರನ ಕುರ್ಚಿಯ ಮೇಲ್ಗಡೆ. ಅದನ್ನು ನೀರಿನ ನಲ್ಲಿಯ ಹತ್ತಿರ ಸರಿಸಿದೆವು, ವಾರದಲ್ಲಿ ತುಂಬಿತು. ಅರ್ಧದಷ್ಟು ಚೀಟಿಗಳು ಸೋಪಿನ ಬಗ್ಗೆ. ಎರಡು ಆ ಕಾವಲುಗಾರನ ಬಗ್ಗೆ.

ಒಳಗಿನವರೇ ತಪ್ಪು ಮಾಡಿದರೆ?

ಮಾಡುತ್ತಾರೆ. ಅನ್ನ, ಔಷಧ, ಪಟ್ಟಿಯಲ್ಲಿ ಹೆಸರು ಇವೆಲ್ಲ ಯಾರ ಕೈಯಲ್ಲಿರುತ್ತವೋ ಅವರ ಕೈಯಲ್ಲಿ ಅಧಿಕಾರ ಇರುತ್ತದೆ. ಹೈಟಿಯಲ್ಲಿ 2010ರ ಭೂಕಂಪದ ನಂತರ ನೆರವು ಸಿಬ್ಬಂದಿ ನಡೆಸಿದ ಲೈಂಗಿಕ ದುರ್ನಡತೆ 2018ರಲ್ಲಿ ಬಯಲಾದಾಗ ಜನ ಬೆಚ್ಚಿದರು. ಫೀಲ್ಡಿನಲ್ಲಿದ್ದ ಹೆಂಗಸರು ಅಷ್ಟೇನೂ ಬೆಚ್ಚಲಿಲ್ಲ. ಕೆಲಸಕ್ಕೆ ಸೇರುವವರಿಗೆ ನನ್ನ ಸಲಹೆ: ಮೊದಲ ದಿನವೇ ದೂರು ಯಾರಿಗೆ ಕೊಡಬೇಕು ಅಂತ ಕೇಳಿ. ಉತ್ತರಕ್ಕೆ ತಡಕಾಡಿದರೆ ಗಮನದಲ್ಲಿಟ್ಟುಕೊಳ್ಳಿ.

ಮನೆಗೆ ಬಂದ ಮೇಲೆ ಹೇಗಿರುತ್ತದೆ?

ಮೊದಲ ವಾರ ನಲ್ಲಿ ತಿರುಗಿಸಿದರೆ ನೀರು ಬರುವುದೇ ಸೋಜಿಗ. ಎರಡನೇ ವಾರ ಸಿಟ್ಟು. ಹಲ್ಲುಜ್ಜುವಾಗ ನಲ್ಲಿ ಬಿಟ್ಟುಕೊಂಡೇ ನಿಂತವರ ಮೇಲೆ ಹರಿಹಾಯ್ದು ಮನೆಯವರ ಕೈಲಿ ಉಗಿಸಿಕೊಂಡಿದ್ದೇನೆ. ‘ಹೇಗಿತ್ತು?’ ಅಂತ ಕೇಳಿದವರು ಎರಡು ನಿಮಿಷದ ಉತ್ತರ ಬಯಸುತ್ತಾರೆ, ಅದು ತಪ್ಪೂ ಅಲ್ಲ. ನಿದ್ದೆ ಹೋದರೆ, ಕುಡಿತ ಹೆಚ್ಚಿದರೆ, ಎದುರಿಗೆ ಮಗು ಅತ್ತರೂ ಏನೂ ಅನ್ನಿಸದಿದ್ದರೆ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ‘ಅವರ ಕಷ್ಟದ ಮುಂದೆ ನನ್ನದೇನು ಮಹಾ’ ಅನ್ನುವ ಲೆಕ್ಕ ನಮ್ಮವರಲ್ಲಿ ಬಹಳ ಜನರನ್ನು ಹಾಳು ಮಾಡಿದೆ.

ಸೇರಬೇಕಾದರೆ ಏನು ಓದಬೇಕು?

ಸಮಾಜಕಾರ್ಯವೇ ಆಗಬೇಕೆಂದಿಲ್ಲ. ನರ್ಸ್, ಸೂಲಗಿತ್ತಿ, ನೀರಿನ ಎಂಜಿನಿಯರ್, ಲೆಕ್ಕಿಗ, ಗಾಡಿ ರಿಪೇರಿ ಬಲ್ಲವರು, ಗೋದಾಮು ನಡೆಸಿದವರು ಸದಾ ಬೇಕು. ‘ಜನಸೇವೆಯ ತುಡಿತ’ ಅಂತ ಮಾತ್ರ ಬರೆದ ಅರ್ಜಿಗಳು ರಾಶಿ ಬಿದ್ದಿರುತ್ತವೆ. ಜನರೇಟರ್ ಬಿಚ್ಚಿ ಜೋಡಿಸಲು ಬರುತ್ತದೆ ಅಂತ ಬರೆದದ್ದು ಮೇಲೆ ಬರುತ್ತದೆ. ಕಾಂಟ್ರಾಕ್ಟ್‌ಗಳು ಹೆಚ್ಚಾಗಿ ಆರು ತಿಂಗಳು, ವರ್ಷದ್ದು. ದಾನಿ ಕೈಯೆತ್ತಿದರೆ ಕೆಲಸ ಹೋಯಿತು. 2025ರಲ್ಲಿ ಅಮೆರಿಕ ಸರ್ಕಾರ ವಿದೇಶಿ ನೆರವನ್ನು ಏಕಾಏಕಿ ಕಡಿತಗೊಳಿಸಿದಾಗ ಲೋಕದ ಎಷ್ಟೋ ಕಡೆ ಚಿಕಿತ್ಸಾಲಯಗಳು ಮುಚ್ಚಿದವು, ಅನುಭವಸ್ಥರು ಸಾಲುಸಾಲಾಗಿ ಮನೆಗೆ ಹೋದರು.

ಇಷ್ಟೆಲ್ಲ ಆದಮೇಲೂ ಇದರಿಂದ ಏನಾದರೂ ಬದಲಾಗುತ್ತಾ?

ಯುದ್ಧ ನಾವು ನಿಲ್ಲಿಸುವುದಿಲ್ಲ. ಬರದ ಹಿಂದಿನ ರಾಜಕೀಯ ನಮ್ಮ ಟಾರ್ಪಾಲಿನಿಂದ ಬದಲಾಗುವುದಿಲ್ಲ. ಬದಲಾಗುವುದು ಸಣ್ಣವು, ಅವೂ ನಿಧಾನ.

ಆ ಗೋಡೆಯ ಯಜಮಾನರ ಮಾತನ್ನು ಅವತ್ತಿನ ವರದಿಯಲ್ಲಿ ಬರೆದಿದ್ದೆ. ‘ಅಪ್ರಸ್ತುತ’ ಅಂತ ಯಾರೋ ಅಳಿಸಿದರು. ಮುಂದಿನ ವರದಿಯಲ್ಲಿ ಮತ್ತೆ ಬರೆದೆ, ಮೀಟಿಂಗಿನಲ್ಲಿ ಎದ್ದು ಹೇಳಿದೆ, ನಮ್ಮ ಎಂಜಿನಿಯರ್ ಒಬ್ಬರು ಬಿರುಕು ಬಿಟ್ಟ ಗೋಡೆಗಳ ಫೋಟೊ ಸೇರಿಸಿದರು. ಒಂದೂವರೆ ವರ್ಷದ ನಂತರ ಹೊಸ ಫಾರ್ಮ್ ಬಂತು. ಏಳನೇ ಪ್ರಶ್ನೆ ಈಗ ‘ಗೋಡೆ ನಿಂತಿದೆಯೇ?’ ಅಂತಿಲ್ಲ, ‘ಇಂದು ರಾತ್ರಿ ಇದರೊಳಗೆ ಮಲಗಬಹುದೇ?’ ಅಂತಿದೆ. ಅಷ್ಟರಲ್ಲಿ ಆ ಶಿಬಿರ ಮುಚ್ಚಿತ್ತು. ಅವರಿಗೆ ಟಾರ್ಪಾಲು ಬೇರೆ ಕಡೆಯಿಂದ ಸಿಕ್ಕಿತೋ ಇಲ್ಲವೋ, ನಮ್ಮ ಯಾವ ಪಟ್ಟಿಯಲ್ಲೂ ಇಲ್ಲ.